ಬಿಲ್ಲಿಗೆ ಆಯ್ದ ಮರ

ಸೀಸದ ಕಡ್ಡಿಯ ಮೊನೆಯನ್ನು ಹೆರೆಯುವಾಗ ಹೊಮ್ಮುತ್ತಿದ್ದ ಒಂದು ಬಗೆಯ ಸುವಾಸನೆಯನ್ನು ಹಿರಿಯ ತಲೆಮಾರಿನವರು ಮರೆತಿರಲಾರರು. ಆಗ ಪರದೇಶಗಳಿಂದ ಬರುತ್ತಿದ್ದ ಒಳ್ಳೆಯ ಕಡ್ಡಿಗಳ ಹೊರಕವಚ ಸೀಡರ್ ಎಂಬ ಮರದ್ದು. ಈಗ ನಮ್ಮ ದೇಶದ ಕಡ್ಡಿಗಳಿಗೆ ಬಹುಮಟ್ಟಿಗೆ ಕಾಶ್ಮೀರದ ಪಾಪ್ಲರ್ ಮರ ಒದಗುತ್ತಿರುವುದರಿಂದ ಆ ವಾಸನೆ ಅಪರೂಪವಾಗಿದೆ. ಶಾಲೆಯ ಹುಡುಗನ ಅಲಗಿಗೂ ಸುಲಭವಾಗಿ ಸೋಲುವ ಈ ಮೆತ್ತನೆಯ ಮರದಿಂದ, ಜಿಂಕೆಯನ್ನು ಕೆಡಹಬಲ್ಲ ಬಿಲ್ಲುಗಳನ್ನು ಮಾಡುತ್ತಿದ್ದರೆಂದರೆ ವಾಚಕರು ಸಂದೇಹಪಡುವುದು ಸಹಜವೇ. ಆದರೂ ಅದು ನಿಜ. ಉತ್ತರ ಅಮೆರಿಕದ ಪಶ್ಚಿಮ ಭಾಗದ ಕ್ಯಾಲಿಫೋರ್ನಿಯ, ನೆವಾಡ ಪ್ರಾಂತಗಳ ಮೂಲನಿವಾಸಿಗಳು ಶತಮಾನಗಳ ಕಾಲ ಜುನಿಪರ್ ಮತ್ತು ಸೀಡರ್ ಎಂದು ಕರೆಯಲಾಗುವ ಮರಗಳಿಂದಲೇ ಬಿಲ್ಲು ಮಾಡಿದರು, ಬೇಟೆಯಾಡಿದರು, ಬದುಕಿದರು.

ಈ ಬಿಲ್ಲುಗಾರರನ್ನು ಕುರಿತು ಬರೆದವರಲ್ಲಿ ಕೆಲವರು, ಪಾಪ, ಆ ಒಣನಾಡಿನಲ್ಲಿ ಅವರಿಗೆ ಬೇರೆ ಒಳ್ಳೆಯ ಮರ ಸಿಕ್ಕಲಿಲ್ಲವಾದ್ದರಿಂದ ಸಿಕ್ಕಿದ್ದರಲ್ಲಿ ತೃಪ್ತಿಪಟ್ಟರು ಎಂಬ ಧಾಟಿಯಲ್ಲಿ ಮಾತಾಡುವುದುಂಟು. ಆ ಮಾತನ್ನು ನಾವು ಒಪ್ಪಲಾರೆವು. ಅವರು ಮರವನ್ನು ಆಯ್ದ ಕ್ರಮ, ಶಾಲೆ ಕಾಲೇಜುಗಳಲ್ಲಿ ನಾವು ಮರದ ವಿಚಾರ ಕಲಿಯುವ ಕ್ರಮಕ್ಕಿಂತ ಹೆಚ್ಚು ವೈಜ್ಞಾನಿಕವಾಗಿತ್ತೆಂಬುದು ನಮ್ಮ ಅಭಿಪ್ರಾಯ. ಆ ಆಯ್ಕೆಯ ಗುರುತುಗಳನ್ನು ಮೈಮೇಲೆ ಹೊತ್ತ ಮರಗಳು ನೆವಾಡದ ಬೆಟ್ಟಗಳಲ್ಲಿ ಇಂದಿಗೂ ನಿಂತಿವೆ. ಅವುಗಳ ಭವಿಷ್ಯ ಭದ್ರವಾಗಿಲ್ಲವಾದುದರಿಂದ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳಬೇಕು. ಸೀಡರ್ ಎಂಬ ಹೆಸರಿನಷ್ಟು ದಾರಿ ತಪ್ಪಿಸುವ ಹೆಸರು ಸಸ್ಯಪ್ರಪಂಚದಲ್ಲಿ ವಿರಳ. ಸಸ್ಯಶಾಸ್ತ್ರಜ್ಞರ ದೃಷ್ಟಿಯಲ್ಲಿ ನಿಜವಾದ ಸೀಡರುಗಳು ಪೈನ್ ಕುಟುಂಬಕ್ಕೆ ಸೇರಿದವು. ಲೆಬನಾನ್, ಸೈಪ್ರಸ್, ಅಟ್ಲಾಸ್ ಪರ್ವತಗಳ ಸೀಡರುಗಳೂ ನಮ್ಮ ಹಿಮಾಲಯದ ದೇವದಾರುವೂ ಆ ಗುಂಪಿನವು. ಯೂರೋಪಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು ಅಲ್ಲಿ ಕಂಡ, ಕೆಂಪಾದ, ಸುವಾಸನೆಯ ಮರಗಳಿಗೆಲ್ಲ ತಮಗೆ ಪರಿಚಿತವಾದ ಈ ಹೆಸರನ್ನೇ ಇಟ್ಟರು. ಹೀಗಾಗಿ ಅಲ್ಲಿನ 'ಪೂರ್ವದ ಕೆಂಪು ಸೀಡರ್' ವಾಸ್ತವವಾಗಿ ಒಂದು ಜುನಿಪರ್. 'ಪಶ್ಚಿಮದ ಕೆಂಪು ಸೀಡರ್' ಥೂಜ ಕುಲದ್ದು. 'ಧೂಪದ ಸೀಡರ್' ಕ್ಯಾಲೊಸೆಡ್ರಸ್ ಕುಲದ್ದು. 'ಪೋರ್ಟ್ ಆರ್ಫರ್ಡ್ ಸೀಡರ್' ಕಾಮಿಸೈಪ್ಯಾರಿಸ್ ಕುಲದ್ದು. ನಾಲ್ಕೂ ಸೈಪ್ರೆಸ್ ಕುಟುಂಬದವು. ಒಂದೂ ಸೀಡರ್ ಅಲ್ಲ. ಇಷ್ಟು ಸಾಲದೆಂಬಂತೆ, ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ತೂನ್ ಮರವನ್ನೂ ಇಂಗ್ಲಿಷರು ಕೆಂಪು ಸೀಡರ್ ಎಂದು ಕರೆದರು. ಅದು ಬೇವಿನ ಕುಟುಂಬದ ಮರ! ಬಿಲ್ಲು ಮಾಡಬೇಕೆಂದು 'ಕೆಂಪು ಸೀಡರ್' ಬೇಕೆಂದು ಮರದ ಅಂಗಡಿಯಲ್ಲಿ ಕೇಳಿದವನ ಕೈಗೆ ಮೂರು ದೇಶಗಳಲ್ಲಿ ಮೂರು ಬಗೆಯ ಮರ ಬಂದರೆ ಆಶ್ಚರ್ಯವಿಲ್ಲ.

ಹೆಸರಿನಿಂದ ಗುಣ ತಿಳಿಯದು. ಹಾಗಾದರೆ ಬಿಲ್ಲು ಮರದಿಂದ ಬಯಸುವುದೇನು?

ಹೆದೆಯನ್ನು ಎಳೆದಾಗ ಬಿಲ್ಲಿನ ಮೈ ಬಾಗುತ್ತದೆ. ಬಿಲ್ಲುಗಾರನ ಕಡೆಗಿರುವ ಮುಖವನ್ನು ಹೊಟ್ಟೆ ಎಂದೂ ಗುರಿಯ ಕಡೆಗಿರುವ ಮುಖವನ್ನು ಬೆನ್ನು ಎಂದೂ ಕರೆಯುವುದು ರೂಢಿ. ಬಾಗುವಾಗ ಬೆನ್ನಿನ ನಾರುಗಳು ಹಿಗ್ಗುತ್ತವೆ, ಹೊಟ್ಟೆಯ ನಾರುಗಳು ಕುಗ್ಗುತ್ತವೆ. ನಡುವೆ ಹಿಗ್ಗದೆ ಕುಗ್ಗದೆ ಇರುವ ಒಂದು ಪದರವಿರುತ್ತದೆ. ಈ ನಡುಪದರದಿಂದ ಎಷ್ಟು ದೂರವೋ ಅಷ್ಟು ಹೆಚ್ಚು ಹಿಗ್ಗು ಅಥವಾ ಕುಗ್ಗು. ಲೆಕ್ಕ ಸುಲಭ. ಒಂದೂವರೆ ಸೆಂಟಿಮೀಟರ್ ದಪ್ಪದ ಪಟ್ಟಿಯನ್ನು 75 ಸೆಂಟಿಮೀಟರ್ ತ್ರಿಜ್ಯದ ವೃತ್ತಕ್ಕೆ ಹೊಂದುವಂತೆ ಬಾಗಿಸಿದೆವೆನ್ನಿ. ಮೇಲ್ಮೈಯು ನಡುಪದರದಿಂದ ಮುಕ್ಕಾಲು ಸೆಂಟಿಮೀಟರ್ ದೂರದಲ್ಲಿದೆ. ಮುಕ್ಕಾಲನ್ನು 75ರಿಂದ ಭಾಗಿಸಿದರೆ ನೂರರಲ್ಲಿ ಒಂದು ಪಾಲು. ಎಂದರೆ ಬೆನ್ನಿನ ಪ್ರತಿಯೊಂದು ನಾರೂ ತನ್ನ ಉದ್ದದ ಶೇಕಡಾ ಒಂದರಷ್ಟು ಹಿಗ್ಗಬೇಕು. ಹೊಟ್ಟೆಯ ನಾರು ಅಷ್ಟೇ ಕುಗ್ಗಬೇಕು. ಶೇಕಡಾ ಒಂದೆಂದರೆ ಅಲ್ಪವೆಂದು ತೋರಬಹುದು. ಮರಕ್ಕೆ ಅದು ಅಲ್ಪವಲ್ಲ. ಬಹುಪಾಲು ಮರಗಳು ಅಷ್ಟರೊಳಗೆ ಮುರಿದುಹೋಗುತ್ತವೆ.

ಇಲ್ಲಿ ಅಂಕಿಗಳನ್ನು ನೋಡುವುದು ಉಪಯುಕ್ತ. ಒಣಗಿದ, ಗಂಟಿಲ್ಲದ ಮರದ ತುಂಡುಗಳನ್ನು ಬಾಗಿಸಿ ಮುರಿದು ತಯಾರಿಸಿದ ಅಮೆರಿಕದ ಮರಗಳ ಪಟ್ಟಿಗಳಲ್ಲಿ ಎರಡು ಸಂಖ್ಯೆಗಳಿರುತ್ತವೆ. ಒಂದು, ಬಾಗುವಾಗ ಮರವನ್ನು ಮುರಿಯುವ ಬಲ; ಇನ್ನೊಂದು, ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಯಂಗ್ ಗುಣಾಂಕ, ಎಂದರೆ ಮರದ ಬಿಗುವಿನ ಅಳತೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ, ಮುರಿಯುವ ಮುನ್ನ ಮರ ಎಷ್ಟು ಹಿಗ್ಗಬಲ್ಲದೆಂಬುದರ ಸ್ಥೂಲವಾದ ಅಂದಾಜು ದೊರೆಯುತ್ತದೆ. ಪೂರ್ವದ ಕೆಂಪು ಸೀಡರಿಗೆ, ಎಂದರೆ ಆ ಜುನಿಪರಿಗೆ, ಮುರಿಯುವ ಬಲ ಸುಮಾರು 61 ಮೆಗಾಪಾಸ್ಕಲ್. ಯಂಗ್ ಗುಣಾಂಕ 6,100. ಭಾಗಿಸಿದರೆ ಸರಿಯಾಗಿ ನೂರರಲ್ಲಿ ಒಂದು. ಪೋರ್ಟ್ ಆರ್ಫರ್ಡ್ ಸೀಡರಿಗೆ ಈ ಸಂಖ್ಯೆಗಳು 88 ಮತ್ತು 11,700. ಭಾಗಿಸಿದರೆ ನೂರಮೂವತ್ತಮೂರರಲ್ಲಿ ಒಂದು. ಪಶ್ಚಿಮದ ಕೆಂಪು ಸೀಡರಿಗೆ ಸುಮಾರು ನೂರೈವತ್ತರಲ್ಲಿ ಒಂದು.

ಬಲವನ್ನಷ್ಟೇ ನೋಡುವವನು ಪೋರ್ಟ್ ಆರ್ಫರ್ಡ್ ಸೀಡರನ್ನು ಆರಿಸುತ್ತಾನೆ. ಅದು ಜುನಿಪರಿಗಿಂತ ಹೆಚ್ಚು ಬಲವಾದದ್ದು, ಹಗುರವಾದದ್ದು, ಹೆಚ್ಚುಕಡಿಮೆ ಎರಡರಷ್ಟು ಬಿಗುವಾದದ್ದು. ಆದರೆ ಮುರಿಯುವ ಮುನ್ನ ಅದು ಬಾಗುವುದು ಕಡಿಮೆ. ಹಗುರವೂ ಬಿಗುವೂ ಆದ ಮರ ಬೇಕಾದದ್ದು ಬಿಲ್ಲಿಗಲ್ಲ, ಬಾಣಕ್ಕೆ! ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಮರದ ಬಾಣಗಳಿಗೆ ಈ ಮರವೇ ಅಚ್ಚುಮೆಚ್ಚಿನದಾದುದು ಆಕಸ್ಮಿಕವಲ್ಲ. ಒಂದೇ ಹೆಸರಿನ ಎರಡು ಮರಗಳು. ಒಂದು ಬಿಲ್ಲಾಗಲು ಯೋಗ್ಯ, ಇನ್ನೊಂದು ಆ ಬಿಲ್ಲಿನಿಂದ ಹಾರಲು ಯೋಗ್ಯ. ಯಾವುದು ಉತ್ತಮ ಮರವೆಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಯಾವ ಕೆಲಸಕ್ಕೆ ಎಂದು ಕೇಳಬೇಕು.

ಜುನಿಪರೇ ಸರ್ವಶ್ರೇಷ್ಠವೆಂದು ನಾವು ಹೇಳುತ್ತಿಲ್ಲ. ಇಂಗ್ಲಿಷರ ಉದ್ದ ಬಿಲ್ಲಿನಿಂದ ಪ್ರಸಿದ್ಧವಾದ ಯೂ ಮರದ ಕುಲದ್ದೇ ಆದ ಅಮೆರಿಕದ ಯೂ ಮರ, ಇದೇ ಲೆಕ್ಕದಲ್ಲಿ ತೊಂಬತ್ತರಲ್ಲಿ ಒಂದರಷ್ಟು ಹಿಗ್ಗಬಲ್ಲದು. ಮುರಿಯುವ ಬಲವೂ ಅದಕ್ಕೆ ಬಹಳ ಹೆಚ್ಚು. ಮರವೊಂದರಿಂದಲೇ ಬಿಲ್ಲು ಮಾಡುವುದಾದರೆ ಯೂ ಮೇಲು. ಆದರೆ ನೆವಾಡದ ಬಿಲ್ಲುಗಾರರು ಮರವೊಂದರಿಂದಲೇ ಬಿಲ್ಲು ಮಾಡಲಿಲ್ಲ; ಅಲ್ಲಿಯೇ ಅವರ ಜಾಣ್ಮೆಯಿರುವುದು.

ಪಟ್ಟಿಯ ಇನ್ನೊಂದು ಸಾಲು ಇದನ್ನು ಸ್ಪಷ್ಟಪಡಿಸುತ್ತದೆ. ನಾರಿನ ನೇರಕ್ಕೆ ಮರವನ್ನು ಒತ್ತಿ ಜಜ್ಜಲು ಬೇಕಾದ ಬಲ ಪೋರ್ಟ್ ಆರ್ಫರ್ಡ್ ಸೀಡರಿಗೆ 43 ಮೆಗಾಪಾಸ್ಕಲ್, ಪೂರ್ವದ ಕೆಂಪು ಸೀಡರಿಗೆ 41.5, ಹೆಚ್ಚುಕಡಿಮೆ ಸಮಾನ. ಬಾಗಿಸಿ ಮುರಿಯುವಾಗಲಾದರೋ ಎರಡರ ನಡುವೆ ಬಹಳ ಅಂತರ. ಇದರಿಂದ ನಾವು ತೆಗೆಯುವ ತೀರ್ಮಾನವೆಂದರೆ, ಜುನಿಪರಿನ ಹೊಟ್ಟೆ ಗಟ್ಟಿ, ಬೆನ್ನು ದುರ್ಬಲ. ಒತ್ತುವ ಬಲವನ್ನು ಅದು ಚೆನ್ನಾಗಿ ತಡೆಯುತ್ತದೆ. ಎಳೆಯುವ ಬಲಕ್ಕೆ ಬೇಗ ಸೋಲುತ್ತದೆ. ಹೀಗಿರುವಲ್ಲಿ ಮಾಡಬೇಕಾದುದೇನು? ದುರ್ಬಲವಾದ ಬೆನ್ನಿನ ಕೆಲಸವನ್ನು ಬೇರೊಂದು ವಸ್ತುವಿಗೆ ವಹಿಸಬೇಕು. ಅವರು ಜಿಂಕೆಯ ಕಾಲಿನ ಮತ್ತು ಬೆನ್ನಿನ ಸ್ನಾಯುರಜ್ಜುಗಳನ್ನು, ಎಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಗಟ್ಟಿಯಾದ ಹುರಿಗಳನ್ನು, ಒಣಗಿಸಿ ಜಜ್ಜಿ ನವಿರಾಗಿ ಎಳೆಬಿಡಿಸಿ, ಅಂಟಿನಲ್ಲಿ ಅದ್ದಿ ಬಿಲ್ಲಿನ ಬೆನ್ನಿಗೆ ಉದ್ದುದ್ದವಾಗಿ ಮೆತ್ತಿದರು. ಈ ಎಳೆಗಳು ಮರಕ್ಕಿಂತ ಹಲವು ಪಟ್ಟು ಹಿಗ್ಗಬಲ್ಲವು. ಒಣಗುವಾಗ ಅವು ಬಿಗಿದುಕೊಂಡು ಮರದ ಬೆನ್ನನ್ನು ಮುಂಚಿತವಾಗಿಯೇ ಸ್ವಲ್ಪ ಕುಗ್ಗಿಸಿ ಇಡುತ್ತವೆ. ಬಿಲ್ಲನ್ನು ಎಳೆದಾಗ ಮರಕ್ಕೆ ಮೊದಲು ಈ ಕುಗ್ಗು ಕಳೆಯಬೇಕು, ಆಮೇಲೆ ಹಿಗ್ಗು. ಇಂದು ಸೇತುವೆಗಳ ಕಾಂಕ್ರೀಟಿನೊಳಗೆ ಉಕ್ಕಿನ ತಂತಿಗಳನ್ನು ಬಿಗಿದೆಳೆದು ಕೂಡಿಸುವುದೂ ಇದೇ ತತ್ತ್ವದ ಮೇಲೆ. ಕಾಂಕ್ರೀಟೂ ಜುನಿಪರಿನಂತೆಯೇ ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಬಡವ.

ಇಂಥ ಬಿಲ್ಲನ್ನು ಮಾಡುತ್ತಿದ್ದ ಒಬ್ಬ ಮನುಷ್ಯನ ಕೆಲಸವನ್ನು ಆಧುನಿಕ ವಿದ್ವಾಂಸರು ಹತ್ತಿರದಿಂದ ಕಂಡು ಬರೆದಿಟ್ಟಿದ್ದಾರೆ. 1911ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಆರೊವಿಲ್ ಪಟ್ಟಣದ ಹೊರವಲಯದಲ್ಲಿ, ಹಸಿದು ಬಳಲಿದ ಒಬ್ಬ ಮೂಲನಿವಾಸಿ ಕಾಣಿಸಿಕೊಂಡನು. ಯಾಹಿ ಜನದಲ್ಲಿ ಉಳಿದಿದ್ದವನು ಅವನೊಬ್ಬನೇ. ಉಳಿದವರು ವಲಸಿಗರ ಗುಂಡಿಗೂ ಹಸಿವು ರೋಗಗಳಿಗೂ ತುತ್ತಾಗಿದ್ದರು. ತನ್ನ ಹೆಸರನ್ನು ಅವನು ಹೇಳಲಿಲ್ಲ. ಅವನ ನುಡಿಯಲ್ಲಿ ಮನುಷ್ಯ ಎಂಬ ಅರ್ಥದ 'ಇಶಿ' ಎಂಬ ಮಾತೇ ಅವನ ಹೆಸರಾಯಿತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ವಾಸವಾಗಿದ್ದ ಅವನಿಗೆ ವೈದ್ಯನಾಗಿದ್ದ ಸ್ಯಾಕ್ಸ್‌ಟನ್ ಪೋಪ್ ಅವನಿಂದಲೇ ಬಿಲ್ವಿದ್ಯೆ ಕಲಿತು, 1918ರಲ್ಲಿ ಯಾಹಿ ಜನರ ಬಿಲ್ಲುಗಾರಿಕೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಅಷ್ಟರಲ್ಲಿ ಗುರು ಇರಲಿಲ್ಲ. 1916ರ ಮಾರ್ಚಿನಲ್ಲಿ ಕ್ಷಯರೋಗ ಅವನನ್ನು ಒಯ್ದಿತ್ತು.

ನಗರದಲ್ಲಿದ್ದಾಗ ಇಶಿ ಸಿಕ್ಕಿದ ಹಲವು ಮರಗಳಿಂದ ಬಿಲ್ಲು ಮಾಡಿ ತೋರಿಸಿದನು. ಆದರೆ ತನ್ನ ನಾಡಿನ ಕಣಿವೆಗಳಲ್ಲಿ ಅವನ ಬಿಲ್ಲಿನ ಮರ ಬೆಟ್ಟದ ಜುನಿಪರ್. ಬಿಲ್ಲಿನ ಉದ್ದವನ್ನು ಅವನು ಅಳೆಯುತ್ತಿದ್ದುದು ತನ್ನ ಮೈಯಿಂದಲೇ, ಅಡ್ಡಲಾಗಿ ಚಾಚಿದ ಕೈಯಿಂದ ಎದುರು ಬದಿಯ ಸೊಂಟದವರೆಗೆ. ತೊಗಟೆಯ ಕೆಳಗಿನ ಬಿಳಿಯ ಮರ ಬೆನ್ನಾಗುವಂತೆಯೂ ಒಳಗಿನ ಕೆಂಪು ಚೇಗು ಹೊಟ್ಟೆಯಾಗುವಂತೆಯೂ ದಬ್ಬೆಯನ್ನು ಇಟ್ಟುಕೊಳ್ಳುತ್ತಿದ್ದನು. ಅಂಟು ಸಾಲ್ಮನ್ ಮೀನಿನ ಚರ್ಮವನ್ನು ಬೇಯಿಸಿದ್ದು. ಈ ಅಂಶಗಳಲ್ಲಿ ಒಂದನ್ನಾದರೂ ಅವನು ಪಟ್ಟಿ ನೋಡಿ ಕಲಿತವನಲ್ಲ. ಪಟ್ಟಿಗಳು ಅವನು ಮಾಡುತ್ತಿದ್ದುದನ್ನೇ ತಡವಾಗಿ ಸಮರ್ಥಿಸುತ್ತವೆ.

ಇಷ್ಟು ಹೇಳಿದ ಮೇಲೆ ಪಟ್ಟಿಗಳ ಮಿತಿಯನ್ನೂ ಹೇಳಬೇಕು. ಅವು ಗಂಟಿಲ್ಲದ, ನೇರವಾದ ನಾರಿನ, ಆಯ್ದ ತುಂಡುಗಳ ಗುಣವನ್ನು ತಿಳಿಸುತ್ತವೆ. ಬೆಟ್ಟದ ಮೇಲೆ ನಿಂತ ಜುನಿಪರ್ ಹಾಗಿರುವುದಿಲ್ಲ. ಅದು ಗಿಡ್ಡನೆಯ, ಸೊಟ್ಟನೆಯ, ಬುಡದಿಂದಲೇ ಕೊಂಬೆ ಒಡೆದ ಮರ. ಪ್ರತಿ ಕೊಂಬೆಯೂ ಕಾಂಡದೊಳಗೆ ಒಂದು ಗಂಟು. ಗಂಟಿನ ಸುತ್ತ ನಾರುಗಳು ನದಿಯ ನೀರು ಬಂಡೆಯನ್ನು ಬಳಸಿ ಹರಿಯುವಂತೆ ಸುತ್ತಿ ಹೋಗುತ್ತವೆ. ಬಿಲ್ಲು ಅಲ್ಲಿಯೇ ಮುರಿಯುತ್ತದೆ. ಇದಲ್ಲದೆ ಅನೇಕ ಜುನಿಪರುಗಳ ನಾರು ಹುರಿ ಹೊಸೆದಂತೆ ಕಾಂಡವನ್ನು ಸುತ್ತಿಕೊಂಡು ಏರುತ್ತದೆ. ಅಂಥ ಕಾಂಡದಿಂದ ಸೀಳಿದ ದಬ್ಬೆ ತಿರುಚಿಕೊಳ್ಳುತ್ತದೆ. ನೇರವಾಗಿರಲೆಂದು ಗರಗಸದಿಂದ ಕೊಯ್ದರೆ ನಾರುಗಳು ಅಡ್ಡಡ್ಡವಾಗಿ ತುಂಡಾಗುತ್ತವೆ. ಮೇಲ್ಮೈಯಲ್ಲಿ ಕೊನೆಗೊಂಡ ಪ್ರತಿಯೊಂದು ನಾರೂ ಸಿಬಿರೇಳಲು ಸಿದ್ಧವಾದ ಒಂದು ಬಾಯಿ. ಇದನ್ನು ಪರೀಕ್ಷಿಸಲು ಜುನಿಪರೇ ಬೇಕಿಲ್ಲ. ನಮ್ಮ ಮಲೆನಾಡಿನ ವಿದ್ಯಾರ್ಥಿಗಳು ಅಡಕೆಮರದ ಎರಡು ದಬ್ಬೆಗಳನ್ನು ತೆಗೆದುಕೊಂಡು, ಒಂದನ್ನು ನಾರಿನ ಗುಂಟ ಸೀಳಿ, ಇನ್ನೊಂದನ್ನು ಓರೆಯಾಗಿ ಕೊಯ್ದು, ಎರಡನ್ನೂ ಒಂದೇ ದಪ್ಪಕ್ಕೆ ಹೆರೆದು ಬಾಗಿಸಿ ನೋಡಬಹುದು. ಮುರಿಯುವ ಸದ್ದೇ ಬೇರೆ ಬೇರೆ.

ಬೆಳವಣಿಗೆಯ ವೇಗವೂ ಲೆಕ್ಕಕ್ಕೆ ಬರುತ್ತದೆ. ಜುನಿಪರಿನಂಥ ಸೂಚಿಪರ್ಣಿ ಮರಗಳಲ್ಲಿ ಪ್ರತಿ ವರ್ಷದ ಉಂಗುರದ ಮೊದಲ ಭಾಗ ಮೆದು, ಕೊನೆಯ ಭಾಗ ಗಟ್ಟಿ. ನಿಧಾನವಾಗಿ ಬೆಳೆದ ಮರದಲ್ಲಿ ಮೆದುಭಾಗ ಕಿರಿದಾಗುವುದರಿಂದ ಸಾಮಾನ್ಯವಾಗಿ ಮರದ ಸಾಂದ್ರತೆ ಹೆಚ್ಚುತ್ತದೆ. ಆದ್ದರಿಂದ ನೀರು ಸಾಕಷ್ಟು ಸಿಗುವ ತಗ್ಗಿನಲ್ಲಿ ಕೊಬ್ಬಿ ಬೆಳೆದ ಮರಕ್ಕಿಂತ ಕಲ್ಲುನೆಲದಲ್ಲಿ ಬಡವಾಗಿ ಬೆಳೆದ ಮರ ಬಿಲ್ಲಿಗೆ ಒಳ್ಳೆಯದು. ಆದರೆ ಈ ನಿಯಮವನ್ನು ಎಲ್ಲ ಮರಗಳಿಗೂ ಹಚ್ಚಬಾರದು. ಬೂದಿಮರದಂಥ ಕೆಲವು ಅಗಲ ಎಲೆಯ ಮರಗಳಲ್ಲಿ ಸಂಗತಿ ಇದಕ್ಕೆ ವಿರುದ್ಧ. ಅವುಗಳಲ್ಲಿ ಬೇಗ ಬೆಳೆದದ್ದೇ ಗಟ್ಟಿ. ಇನ್ನೊಂದು ವಿಶೇಷವೂ ಉಂಟು. ವಾಲಿದ ಸೂಚಿಪರ್ಣಿ ಕಾಂಡದ ಅಥವಾ ಕೊಂಬೆಯ ಕೆಳಮಗ್ಗುಲಲ್ಲಿ, ಭಾರವನ್ನು ಒತ್ತಿ ಹಿಡಿಯಲೆಂದು, ಕಪ್ಪಗೆ ದಟ್ಟವಾದ ಬೇರೆಯದೇ ಬಗೆಯ ಮರ ಬೆಳೆಯುತ್ತದೆ. ಪೀಠೋಪಕರಣ ಮಾಡುವ ಬಡಗಿಗೆ ಇದೊಂದು ಪೀಡೆ. ಒಣಗುವಾಗ ಹಲಗೆಯನ್ನು ಸೊಟ್ಟಗೆ ಮಾಡುತ್ತದೆ. ಉತ್ತರ ಯೂರೋಪಿನ ಸಾಮಿ ಜನರಾದರೋ ಪೈನ್ ಮರದ ಈ ಭಾಗವನ್ನೇ ಹುಡುಕಿ ಆರಿಸಿ ಬಿಲ್ಲಿನ ಹೊಟ್ಟೆಗೆ ಇಟ್ಟು, ಬೆನ್ನಿಗೆ ಬರ್ಚ್ ಮರವನ್ನು ಅಂಟಿಸಿದರು. ಒಬ್ಬನ ಕಸ ಇನ್ನೊಬ್ಬನ ಸಾಮಗ್ರಿ.

ಈಗ ನೆವಾಡದ ಬೆಟ್ಟಗಳಿಗೆ ಬರೋಣ. ಅಲ್ಲಿ ಪಿನ್ಯನ್ ಪೈನ್ ಮರಗಳೊಡನೆ ಬೆರೆತು ಬೆಳೆಯುವ ಜುನಿಪರ್, ಮೇಲೆ ಹೇಳಿದ ಪೂರ್ವದ ಕೆಂಪು ಸೀಡರಿನ ದಾಯಾದಿ. ಯೂಟಾ ಜುನಿಪರ್ ಎಂದು ಅದರ ಹೆಸರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಫಿಲಿಪ್ ವಿಲ್ಕಿ ಎಂಬ ಪುರಾತತ್ತ್ವಜ್ಞರು ಪಶ್ಚಿಮ ನೆವಾಡದಲ್ಲಿ ಅಡ್ಡಾಡಿ, ಬಿಲ್ಲಿನ ದಬ್ಬೆಗಳನ್ನು ತೆಗೆದ ಜುನಿಪರ್ ಮರಗಳನ್ನು ಗುರುತಿಸಿ, 1988ರಲ್ಲಿ ಅವುಗಳ ವಿವರವನ್ನು ಪ್ರಕಟಿಸಿದರು. ಇವು ಕಡಿದ ಮರಗಳಲ್ಲ, ನಿಂತ ಮರಗಳು. ನೂರಾರು ಗಂಟುಗಂಟಾದ ಮರಗಳ ನಡುವೆ ಎಲ್ಲೋ ಒಂದರಲ್ಲಿ, ಒಂದು ಮಗ್ಗುಲಲ್ಲಿ ಮಾತ್ರ, ಬಿಲ್ಲಿನುದ್ದದಷ್ಟು ನೇರವಾದ, ಗಂಟಿಲ್ಲದ, ತಿರುಚದ ಮರವಿರುತ್ತದೆ. ಬಿಲ್ಲುಗಾರನು ಹುಡುಕುತ್ತಿದ್ದುದು ಆ ಮರವನ್ನಲ್ಲ; ಆ ಮರದ ಆ ಮಗ್ಗುಲನ್ನು.

ಕೆಲಸದ ಕ್ರಮ ಹೀಗೆ. ಬೇಕಾದ ಉದ್ದದ ಮೇಲ್ತುದಿಯಲ್ಲಿ ಒಂದು, ಕೆಳತುದಿಯಲ್ಲಿ ಒಂದು, ಹೀಗೆ ಎರಡು ಅಡ್ಡಕಚ್ಚುಗಳನ್ನು ಕಾಂಡಕ್ಕೆ ಹಾಕುತ್ತಿದ್ದರು. ನಡುವಿನ ಪಟ್ಟಿಗೆ ಮೇಲಿನಿಂದಲೂ ಕೆಳಗಿನಿಂದಲೂ ರಸದ ಸಂಚಾರ ನಿಂತುಹೋಗುತ್ತದೆ. ಪಟ್ಟಿ ಸಾಯುತ್ತದೆ, ಮರ ಬದುಕಿರುತ್ತದೆ. ಸತ್ತ ಪಟ್ಟಿ ಕಾಂಡಕ್ಕೆ ಅಂಟಿಕೊಂಡೇ ಒಣಗಲಾರಂಭಿಸುತ್ತದೆ. ಹಸಿಮರವನ್ನು ಕಡಿದು ಮೂಲೆಯಲ್ಲಿಟ್ಟರೆ ಒಣಗುವಾಗ ಅದು ಬಾಗುವುದನ್ನೂ ಸೀಳುವುದನ್ನೂ ಬಲ್ಲ ಯಾವ ಬಡಗಿಗಾದರೂ ಈ ಉಪಾಯದ ಬೆಲೆ ತಿಳಿಯುತ್ತದೆ. ಇಲ್ಲಿ ದಬ್ಬೆಯನ್ನು ಹಿಡಿದಿರುವ ಇಕ್ಕಳ ಸ್ವತಃ ಮರವೇ. ಸೊಟ್ಟಗಾಗಲು ಅದು ಬಿಡುವುದಿಲ್ಲ. ಒಣಗಿದ ಮೇಲೆ ಬಂದು ಪಟ್ಟಿಯನ್ನು ಸೀಳಿ ತೆಗೆದುಕೊಳ್ಳುತ್ತಿದ್ದರು. ಸೀಳಿದ್ದರಿಂದ ಅದು ನಾರಿನ ದಾರಿಯಲ್ಲಿಯೇ ಬಿಡಿಸಿಕೊಂಡು ಬರುತ್ತಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಗಾಯದ ಎರಡು ಅಂಚುಗಳಿಂದ ಮರ ವರ್ಷದಿಂದ ವರ್ಷಕ್ಕೆ ಹೊಸ ಮರವನ್ನು ಬೆಳೆಸಿ ಗಾಯವನ್ನು ಮುಚ್ಚುತ್ತ ಬರುತ್ತದೆ. ಹೀಗೆ ಬೆಳೆದ ಮರದಲ್ಲಿ ಕೊಂಬೆಗಳಿಲ್ಲ, ಆದ್ದರಿಂದ ಗಂಟುಗಳಿಲ್ಲ. ಅದು ನೇರವಾದ, ಬಿಲ್ಲಿಗೆ ಒಪ್ಪುವ ಮರ. ಒಂದೇ ಮರದಿಂದ ಹಲವು ಬಾರಿ ದಬ್ಬೆಗಳನ್ನು ತೆಗೆದಿರುವ ಗುರುತುಗಳಿವೆ. ಆದರೆ ಜುನಿಪರ್ ಬೆಳೆಯುವ ಗತಿ ಬಹಳ ನಿಧಾನ. ಗಾಯ ತುಂಬಿ ಇನ್ನೊಂದು ದಬ್ಬೆಗೆ ಸಾಕಾಗುವಷ್ಟು ದಪ್ಪವಾಗಲು ದಶಕಗಳೇ ಬೇಕು. ಎಂದರೆ ಇಂದು ಕಚ್ಚು ಹಾಕಿದವನು ಮುಂದಿನ ದಬ್ಬೆಯನ್ನು ತನಗಾಗಿ ಬೆಳೆಸುತ್ತಿರಲಿಲ್ಲ. ಮೊಮ್ಮಗನಿಗಾಗಿ ಬೆಳೆಸುತ್ತಿದ್ದನು. ಆ ಮೊಮ್ಮಗನಿಗೆ ಮರವಿರುವ ಸ್ಥಳ, ದಾರಿ, ಕಚ್ಚು ಹಾಕಬೇಕಾದ ಕಾಲ ಇವನ್ನೆಲ್ಲ ಯಾರಾದರೂ ಹೇಳಿಕೊಡಲೇಬೇಕಾಗಿತ್ತು. ಆ ನಾಡಿಗೆ ಬಿಲ್ಲು ಬಂದು ಸುಮಾರು ಸಾವಿರದ ಐನೂರು ವರ್ಷಗಳಾಗಿರಬೇಕೆಂದು ಪುರಾತತ್ತ್ವಜ್ಞರ ಎಣಿಕೆ. ಅಷ್ಟು ದೀರ್ಘಕಾಲ ಬಿಲ್ಲುಗಳು ದೊರೆಯುತ್ತಲೇ ಇದ್ದುದಕ್ಕೆ ಕಾರಣ ಮರ ಹೇರಳವಾಗಿದ್ದುದಲ್ಲ. ಬಿಲ್ಲಿಗೊಪ್ಪುವ ಮರ ವಿರಳವಾಗಿತ್ತು, ಆದ್ದರಿಂದಲೇ ಅದನ್ನು ಕಡಿಯಲಿಲ್ಲ.

ಇದಕ್ಕೆ ಹೋಲಿಸಿ ಯೂರೋಪಿನ ಕಡೆ ಒಂದು ನೋಟ ಹಾಯಿಸಿದರೆ ಸಾಕು. ಉದ್ದ ಬಿಲ್ಲಿನ ಕೀರ್ತಿಯ ಇಂಗ್ಲೆಂಡಿಗೆ ತನ್ನ ನೆಲದ ಯೂ ಮರ ಸಾಲದೆ ಹೋಯಿತು. 1472ರಲ್ಲಿ ಅಲ್ಲಿನ ಸರ್ಕಾರ, ಹೊರನಾಡಿನಿಂದ ಸರಕು ತರುವ ಹಡಗುಗಳು ಪ್ರತಿ ಟನ್ ಸರಕಿಗೆ ನಾಲ್ಕು ಬಿಲ್ಲಿನ ದಬ್ಬೆಗಳನ್ನು ತರತಕ್ಕದ್ದೆಂದು ಕಾನೂನು ಮಾಡಿತು. ಆ ದಬ್ಬೆಗಳಿಗಾಗಿ ಮಧ್ಯ ಯೂರೋಪಿನ ಯೂ ಕಾಡುಗಳು ಬುಡಸಹಿತ ಉರುಳಿದವು. ಸೀಸದ ಕಡ್ಡಿಯ ಕತೆಯೂ ಇಂಥದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಕಡ್ಡಿಗಳಿಗಾಗಿ ಪೂರ್ವದ ಕೆಂಪು ಸೀಡರನ್ನು ಎಷ್ಟು ಕಡಿದರೆಂದರೆ, ಕೊನೆಗೆ ಹಳೆಯ ಬೇಲಿಯ ಗೂಟಗಳನ್ನೂ ಕೊಂಡು ಕೊಯ್ಯುವ ಗತಿ ಬಂದಿತು. ಆಮೇಲೆ ಉದ್ಯಮ ಕ್ಯಾಲಿಫೋರ್ನಿಯದ ಧೂಪದ ಸೀಡರಿನ ಕಡೆಗೆ ತಿರುಗಿತು. ಯೂ ಮರವನ್ನೂ ಕೆಂಪು ಸೀಡರನ್ನೂ ಹೆಸರು ನೋಡಿ ಕೊಂಡವರು ಕಾಡನ್ನು ಖಾಲಿಮಾಡಿದರು.

ಇನ್ನು ನೆವಾಡದ ಮರಗಳ ಈಚಿನ ಸಂಗತಿ. ಎರಡನೆಯ ಮಹಾಯುದ್ಧದ ನಂತರ, ವಿಶೇಷವಾಗಿ 1950ರ ಮತ್ತು 1960ರ ದಶಕಗಳಲ್ಲಿ, ಅಮೆರಿಕದ ಪಶ್ಚಿಮ ಭಾಗದಲ್ಲಿ ದನಗಳಿಗೆ ಹುಲ್ಲುಗಾವಲು ಮಾಡುವ ಉದ್ದೇಶದಿಂದ ಜುನಿಪರ್ ಕಾಡುಗಳನ್ನು ವಿಸ್ತಾರವಾಗಿ ಕಿತ್ತರು. ವಿಧಾನವನ್ನು ಕೇಳಿದರೆ ಮೈ ನಡುಗುತ್ತದೆ. ಹಡಗಿನ ಲಂಗರಿಗೆ ಕಟ್ಟುವಂಥ ದಪ್ಪ ಸರಪಳಿಯ ಎರಡು ತುದಿಗಳನ್ನು ಎರಡು ಭಾರಿ ಟ್ರ್ಯಾಕ್ಟರುಗಳಿಗೆ ಬಿಗಿದು, ಅವುಗಳನ್ನು ಸಮಾನಾಂತರವಾಗಿ ನಡೆಸುವುದು. ನಡುವೆ ಸಿಕ್ಕ ಮರವೆಲ್ಲ ಬೇರುಸಹಿತ ಕಿತ್ತುಬರುವುದು. ಅವುಗಳಲ್ಲಿ ಬಿಲ್ಲಿನ ಮರಗಳೆಷ್ಟಿದ್ದುವೆಂದು ಯಾರೂ ನೋಡಲಿಲ್ಲ. ನೋಡಬೇಕೆಂಬುದೇ ಯಾರಿಗೂ ಹೊಳೆದಿರಲಾರದು. ಜುನಿಪರ್ ಮರಗಳನ್ನು ತೆರವು ಮಾಡುವ ಕೆಲಸ ಬೇರೆ ಉದ್ದೇಶಗಳಿಗಾಗಿ, ಬೇರೆ ಉಪಕರಣಗಳಿಂದ, ಈಗಲೂ ನಡೆದಿದೆ.

ತೆರವು ಮಾಡುವವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ ದನಕುರಿಗಳ ಮೇವು ಹೆಚ್ಚಿ, ಕಾಡ್ಗಿಚ್ಚು ನಂದಿಸುವ ಪದ್ಧತಿ ಬಂದು, ಜುನಿಪರ್ ಹಿಂದೆ ಇರದಿದ್ದ ಬಯಲುಗಳಿಗೂ ಹಬ್ಬಿದೆ. ಆ ಬಯಲಿನ ಪೊದೆಗಳನ್ನೇ ನಂಬಿದ ಹಕ್ಕಿಗಳಿಗೆ ಅದರಿಂದ ಹಾನಿಯಾಗುತ್ತಿದೆ. ಇವೆಲ್ಲ ನಿಜ. ಈ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಹೊಸದಾಗಿ ಹಬ್ಬಿದ ಎಳೆಯ ಮರಕ್ಕೂ ಮೂರು ನಾಲ್ಕು ಶತಮಾನಗಳಿಂದ ಬಂಡೆಯ ನಡುವೆ ನಿಂತ ಮರಕ್ಕೂ ಒಂದೇ ಹೆಸರು ಇದೆಯೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಜ್ಞಾನವಲ್ಲ. ಬಿಲ್ಲು ಮಾಡುವವನು ಜುನಿಪರನ್ನು ಹೆಸರಿನಿಂದ ಆರಿಸಲಿಲ್ಲ. ಕೀಳುವವನು ಹೆಸರಿನಿಂದ ಆರಿಸುವುದು ಯಾವ ನ್ಯಾಯ?

ಮತ್ತೊಂದು ಆಕ್ಷೇಪವನ್ನೂ ಕೇಳಿದ್ದೇವೆ. ಮರಗಳ ವಿವರ, ಚಿತ್ರ, ಅಳತೆ ಎಲ್ಲ ದಾಖಲಾದ ಮೇಲೆ ಮರವನ್ನೇ ಉಳಿಸಿಕೊಳ್ಳುವ ಅಗತ್ಯವೇನೆಂದು. ಮರದಲ್ಲಿರುವುದು ಗಾಯದ ಆಕಾರ ಮಾತ್ರವಾಗಿದ್ದರೆ ಈ ಮಾತು ಸರಿ. ಆದರೆ ಗಾಯವನ್ನು ಮುಚ್ಚುತ್ತ ಬಂದ ಉಂಗುರಗಳಲ್ಲಿ ಕಚ್ಚು ಹಾಕಿದ ವರ್ಷ ಅಡಗಿದೆ. ಆ ವರ್ಷ ಮಳೆ ಬಂದಿತ್ತೋ ಬರವಿತ್ತೋ ಎಂಬುದೂ ಅಲ್ಲಿಯೇ ಇದೆ. ಒಣನಾಡಿನ ಜುನಿಪರ್ ಕೆಲವೊಮ್ಮೆ ಒಂದು ವರ್ಷದ ಉಂಗುರವನ್ನೇ ಹಾರಿಸಿಬಿಡುವುದರಿಂದ ಇದನ್ನು ಎಣಿಸುವುದು ಸುಲಭವಲ್ಲ. ಇಂದಿನವರಿಂದ ಆಗದಿದ್ದುದು ಮುಂದಿನವರಿಂದ ಆಗಬಹುದು. ಅದಕ್ಕೆ ಮರ ನಿಂತಿರಬೇಕು. ಇದಕ್ಕಿಂತ ಮುಖ್ಯವಾದುದೆಂದರೆ, ಆ ನಾಡಿನ ಪೈಯೂಟ್, ಶೊಶೋನಿ, ವಾಷೊ ಜನರು ಇತಿಹಾಸದ ಪುಟ ಸೇರಿದವರಲ್ಲ. ಇಂದಿಗೂ ಅಲ್ಲಿ ಬಾಳುತ್ತಿರುವವರು. ಅವರ ಹಿರಿಯರು ಮೊಮ್ಮಕ್ಕಳಿಗೆಂದು ಬಿಟ್ಟುಹೋದ ದಬ್ಬೆಗಳು ಆ ಕಾಂಡಗಳಲ್ಲಿ ಇನ್ನೂ ಬೆಳೆಯುತ್ತಿವೆ.

ಬಿಲ್ಲಿನ ಮರವನ್ನು ಗುರುತಿಸುವುದು ದೊಡ್ಡ ವಿದ್ಯೆಯೇನಲ್ಲ. ಕಾಂಡದ ಮೇಲೆ ಮನುಷ್ಯನ ಎದೆಮಟ್ಟದ ಆಸುಪಾಸಿನಲ್ಲಿ ಉದ್ದವಾದ, ಇಕ್ಕಟ್ಟಾದ, ನೇರವಾದ ಒಂದು ತಗ್ಗು. ತಗ್ಗಿನ ಮೇಲೂ ಕೆಳಗೂ ಅಡ್ಡವಾಗಿ ಕತ್ತರಿಸಿದ ಗುರುತು. ಎರಡೂ ಬದಿಗಳಿಂದ ತುಟಿಯಂತೆ ಉಬ್ಬಿಬಂದ ತೊಗಟೆ. ಸಿಡಿಲಿನ ಗಾಯ ಹೀಗಿರುವುದಿಲ್ಲ, ಮುರಿದ ಕೊಂಬೆಯ ಗಾಯವೂ ಹೀಗಿರುವುದಿಲ್ಲ. ಮರ ಕೀಳುವ ಯಂತ್ರಗಳನ್ನು ನಡೆಸುವವರಿಗೂ ಅವರ ಮೇಲ್ವಿಚಾರಕರಿಗೂ ಇಷ್ಟನ್ನು ಕಲಿಸಲು ಅರ್ಧ ದಿನ ಸಾಕು. ಯಂತ್ರ ಏರುವ ಮೊದಲು ಆ ಬೆಟ್ಟವನ್ನು ಬಲ್ಲ ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಒಂದು ಸುತ್ತು ನಡೆದು, ಅಂಥ ಮರಗಳಿಗೆ ಒಂದು ಬಣ್ಣದ ಪಟ್ಟಿ ಕಟ್ಟಿ ಬರಲು ಇನ್ನೆರಡು ದಿನ ಹಿಡಿಯಬಹುದು.